ಗಾಳ ಹಾಕಿ ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು?

ಬೆಂಡು ಅಲುಗದೆ ಅರ್ಧ ಗಂಟೆಯಾಯಿತು. ಏಳುವುದೋ, ಇನ್ನೈದು ನಿಮಿಷ ನೋಡುವುದೋ? ಈ ‘ಇನ್ನೈದು ನಿಮಿಷ’ ನನ್ನ ಎಷ್ಟು ಭಾನುವಾರಗಳನ್ನು ನುಂಗಿದೆಯೋ ಲೆಕ್ಕವಿಲ್ಲ. ಗಡಿಯಾರ ನೋಡಿ ಹೇಳುವಂಥ ಉತ್ತರ ಇದಕ್ಕಿಲ್ಲ. ಆದರೆ ಕೂರುವ ಮೊದಲೇ ಒಂದೆರಡು ಸಂಗತಿ ತೀರ್ಮಾನಿಸಿಕೊಂಡರೆ ಏಳುವ ಹೊತ್ತು ತಾನಾಗಿ ತಿಳಿಯುತ್ತದೆ. ಇಲ್ಲಿ ಹೇಳುತ್ತಿರುವುದು ಬಯಲುಸೀಮೆಯ ಕೆರೆಗಳ ಮಾತು. ಹೊಳೆ, ಅಳಿವೆಗಳ ಲೆಕ್ಕ ಬೇರೆ.

ಇನ್ನೊಂದು ಮಾತು. ಕೆರೆಯ ಮೀನು ಪಾಶುವಾರು ಹಕ್ಕನ್ನು, ಅಂದರೆ ಮೀನು ಹಿಡಿಯುವ ಹಕ್ಕನ್ನು, ಸಾಮಾನ್ಯವಾಗಿ ಯಾರಾದರೂ ಹರಾಜಿನಲ್ಲೋ ಗುತ್ತಿಗೆಗೋ ಪಡೆದಿರುತ್ತಾರೆ. ಅವರನ್ನು ಕೇಳದೆ ಗಾಳ ಬಿಚ್ಚಬೇಡಿ. ಬಿಚ್ಚಿದರೆ ಎಷ್ಟು ಹೊತ್ತು ಕೂರಬೇಕೆಂದು ಅವರೇ ಬಂದು ಹೇಳುತ್ತಾರೆ.

1. ಯಾವ ಮೀನಿಗೆ ಎಂದು ಮೊದಲು ಗೊತ್ತುಮಾಡಿ

ಕೊರವ ಹೊಂಚು ಹಾಕುವ ಮೀನು. ಜೊಂಡಿನ ಸಂದಿಯಲ್ಲಿ, ತಾವರೆ ಎಲೆಯ ಅಡಿಯಲ್ಲಿ ಅವಿತಿದ್ದು, ಹತ್ತಿರ ಸುಳಿದದ್ದರ ಮೇಲೆ ಎರಗುತ್ತದೆ. ರಬ್ಬರ್ ಕಪ್ಪೆ ಎಸೆದು ಎಳೆಯುವವರು ಒಂದು ಪೊದೆಗೆ ಆರೆಂಟು ಸಲ ಎಸೆದು ಮುಂದಕ್ಕೆ ನಡೆಯಬೇಕು. ಐದು ನಿಮಿಷ ಸಾಕು. ಆದರೆ ಕೊರವ ಗಾಳಿ ನುಂಗಲು ಆಗಾಗ ಮೇಲೆ ಬರುವ ಮೀನು. ನಿಮ್ಮ ಕಣ್ಣೆದುರೇ ‘ಬುಳಕ್’ ಎಂದರೆ ಇನ್ನಷ್ಟು ಹೊತ್ತು ನಿಲ್ಲಬಹುದು. ಅಲ್ಲೇ ಕೆಂಪು ಮರಿಗಳ ಗುಂಪು ಕುದಿಯುವಂತೆ ಓಡಾಡುತ್ತಿದ್ದರೆ ಮಾತ್ರ ಕೂಡಲೇ ಜಾಗ ಬಿಡಿ. ಅಡಿಯಲ್ಲಿ ತಾಯಿ ತಂದೆ ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳೂ ಹೋದಂತೆ.

ಕಾಟ್ಲಾ, ರೋಹು, ಮೃಗಾಲ್‌ಗಳದ್ದು ಇದರ ತಿರುಗುಮುರುಗು. ತೌಡು, ಕಡಲೆಹಿಂಡಿ ಕಲಸಿದ ಉಂಡೆ ಎಸೆದು ಮೀನನ್ನು ನಾವೇ ಕರೆಯುತ್ತೇವೆ. ಉಂಡೆ ಕರಗಿ, ವಾಸನೆ ಹರಡಿ, ಮೀನು ಬಂದು ಸೇರುವುದಕ್ಕೆ ಹೊತ್ತು ಬೇಕು. ಕನಿಷ್ಠ ಒಂದು ಗಂಟೆ, ಕೈಯಲ್ಲಿ ಸಮಯವಿದ್ದರೆ ಒಂದೂವರೆ. ಇಪ್ಪತ್ತು ನಿಮಿಷಕ್ಕೆ ಎದ್ದು ಹೋದರೆ ಹಿಂಡಿ ನಿಮ್ಮದು, ಮೀನು ಪಕ್ಕದವನದು.

ಜಿಲೇಬಿ ಮೀನು (ತಿಲಾಪಿಯಾ) ಇದ್ದರೆ ಬೇಗ ಕಚ್ಚುತ್ತದೆ. ಹದಿನೈದು ನಿಮಿಷ ಏನೂ ಇಲ್ಲವೆಂದರೆ ಏಳಿ.

2. ಜಾಗ ಬಿಡುವ ಮೊದಲು ಆಳ ಬದಲಿಸಿ

ಜಾಗ ಸರಿಯಿಲ್ಲ ಎಂದು ಬೈದುಕೊಳ್ಳುವಾಗ ಎಷ್ಟೋ ಸಲ ತಪ್ಪಿರುವುದು ಆಳದಲ್ಲಿ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದ ಕೆಸರಿನಲ್ಲಿ. ಕೂತಲ್ಲಿಂದ ಏಳದೆ ಬೆಂಡನ್ನು ಒಂದೊಂದು ಗೇಣು ಸರಿಸಿದರೆ ಮೂರು ಜಾಗ ನೋಡಿದಂತಾಯಿತು. ಎರೆಯನ್ನೂ ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಪುಟ್ಟ ಮೀನುಗಳು ಎರೆಹುಳುವನ್ನು ಚೂರುಚೂರೇ ಕಿತ್ತು ತಿಂದು ಬರಿಗಾಳ ಬಿಟ್ಟಿರುತ್ತವೆ. ಬರಿಗಾಳಕ್ಕೆ ಕಾದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ.

3. ನೀರನ್ನು ನೋಡಿ

ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಾ, ಆ ಸಾಲು ನಿಧಾನಕ್ಕೆ ಸರಿಯುತ್ತಿದ್ದರೆ ಮೀನು ಕೆಸರು ಕೆದಕುತ್ತಿದೆ ಎಂದು ತಿಳಿಯಬಹುದು. ಆಗ ಕಾಯಿರಿ. ಒಂದೇ ಕಡೆ ಗುಳ್ಳೆ ಎದ್ದರೆ ಅದು ಬಹುಪಾಲು ಕೊಳೆತ ತಳದ ಅನಿಲ. ನಾನು ಅಂಥ ಗುಳ್ಳೆಯನ್ನು ನಂಬಿ ಒಂದು ಇಡೀ ಬೆಳಗು ಕಳೆದವನು. ನೀರುಕಾಗೆಗಳು ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಅಲ್ಲಿ ಸಣ್ಣ ಮೀನಿದೆ, ಅದನ್ನು ತಿನ್ನುವ ದೊಡ್ಡದೂ ಇರಬಹುದು.

ಬೇಸಿಗೆಯ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುವುದನ್ನು ಕಂಡು ಖುಷಿಪಡಬೇಡಿ. ನೀರಿನಲ್ಲಿ ಉಸಿರಿಗೆ ಆಮ್ಲಜನಕ ಸಾಲದೆ ಅವು ಹಾಗೆ ಮಾಡುತ್ತಿರುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ರಾತ್ರಿಯೆಲ್ಲ ಪಾಚಿಯೂ ಗಿಡಗಳೂ ಬಳಸಿ ಬಳಸಿ, ಬೆಳಗಿನ ಜಾವಕ್ಕೆ ಉಳಿಯುವುದು ಇನ್ನೂ ಕಡಿಮೆ. ಉಸಿರಿಗೇ ಪರದಾಡುವ ಮೀನು ಎರೆ ಮುಟ್ಟುವುದು ಅಪರೂಪ. ಬಿಸಿಲು ಬಿದ್ದ ಮೇಲೆ ಬನ್ನಿ, ಇಲ್ಲವೇ ಕಾಲುವೆ ನೀರು ಬಂದು ಬೀಳುವ ಕಡೆಗೆ ಹೋಗಿ. ಹೊತ್ತೇರಿದ ಮೇಲೆ ತೂಬಿನ ಹತ್ತಿರದ ಆಳ ವಾಸಿ.

4. ಈಗ ಏಳುವ ಲೆಕ್ಕ

ಮೀನು ಸಿಗುತ್ತಿರುವಾಗ ಯಾವಾಗ ಏಳಬೇಕು ಎನ್ನುವುದೇ ಕಷ್ಟದ ಪ್ರಶ್ನೆ. ಒಂದು ಜಾಗದಲ್ಲಿ ಜಿಲೇಬಿ ಮೊದಲ 20 ನಿಮಿಷಕ್ಕೆ 5, ಮುಂದಿನ 20ಕ್ಕೆ 2, ಆಮೇಲಿನ 20ಕ್ಕೆ 1 ಸಿಗುತ್ತದೆ ಎಂದಿಟ್ಟುಕೊಳ್ಳಿ. ಎಲ್ಲ ಜಾಗವೂ ಹೀಗೇ ಇರಲಿ. ಗಾಳ ಸುತ್ತಿ, ನಡೆದು, ಮತ್ತೆ ಹೂಡುವುದಕ್ಕೆ 10 ನಿಮಿಷ ಬೇಕು.

20 ನಿಮಿಷಕ್ಕೇ ಎದ್ದರೆ ಅರ್ಧ ಗಂಟೆಗೆ 5, ಅಂದರೆ ಗಂಟೆಗೆ 10 ಮೀನು. 40 ನಿಮಿಷ ಕೂತರೆ 50 ನಿಮಿಷಕ್ಕೆ 7, ಗಂಟೆಗೆ ಎಂಟು ಚಿಲ್ಲರೆ. ಹಾಗಾಗಿ ಬೇಗ ಏಳುವುದೇ ಲಾಭ. ಆದರೆ ಮುಂದಿನ ಜಾಗ ಕೆರೆಯ ಆಚೆ ದಡದಲ್ಲಿದ್ದು 40 ನಿಮಿಷ ಹಿಡಿಯುವುದಾದರೆ? 20ಕ್ಕೆ ಎದ್ದವನಿಗೆ ಗಂಟೆಗೆ 5, 40ಕ್ಕೆ ಎದ್ದವನಿಗೆ ಐದೂಕಾಲು, ಒಂದು ಗಂಟೆ ಕೂತವನಿಗೆ ಐದಕ್ಕೂ ಕಡಿಮೆ. ಮುಂದಿನ ಜಾಗ ದೂರವಿದ್ದಷ್ಟೂ ಇಲ್ಲಿ ಹೆಚ್ಚು ಹೊತ್ತು ಕೂರಬೇಕು. ಹಕ್ಕಿ, ಜೇನುನೊಣಗಳು ಮೇವಿನ ಜಾಗ ಬಿಡುವುದಕ್ಕೂ ಇದೇ ಲೆಕ್ಕ ಹೊಂದುತ್ತದೆಂದು ಎರಿಕ್ ಚಾರ್ನೊವ್ ಎಂಬ ಜೀವವಿಜ್ಞಾನಿ 1976ರಲ್ಲಿ ಗಣಿತದಲ್ಲಿ ತೋರಿಸಿದ್ದಾರೆ. ಈ ಜಾಗದ ಸದ್ಯದ ಗಳಿಕೆ ಇಡೀ ದಿನದ ಸರಾಸರಿಗೆ ಇಳಿದ ಕೂಡಲೇ ಎದ್ದುಬಿಡಬೇಕು ಎನ್ನುವುದು ಅವರ ಸೂತ್ರ.

ಏರಿಯ ಮೇಲೆ ಕೂತು ಭಾಗಾಕಾರ ಮಾಡುವವರು ಯಾರು ಎನ್ನಬೇಡಿ. ನಾನು ಬಳಸುವುದು ಇಷ್ಟೇ: ಎರಡು ಕಚ್ಚಿನ ನಡುವೆ ಸರಾಸರಿ ಎಷ್ಟು ಹೊತ್ತಾಗುತ್ತಿದೆ ಎಂದು ನೋಡಿಕೊಳ್ಳುತ್ತೇನೆ. ನಾಲ್ಕು ನಿಮಿಷ ಎಂದಿಟ್ಟುಕೊಳ್ಳಿ. ಅದರ ಮೂರು ಪಟ್ಟು, ಅಂದರೆ ಹನ್ನೆರಡು ನಿಮಿಷ, ಬೆಂಡು ಸುಮ್ಮನಿದ್ದರೆ ಎದ್ದುಬಿಡುತ್ತೇನೆ. ಕಚ್ಚುಗಳು ಗೊತ್ತುಗುರಿಯಿಲ್ಲದೆ ಬೀಳುವವಾದರೆ ಅಷ್ಟು ದೊಡ್ಡ ಬಿಡುವು ಬರೀ ಆಕಸ್ಮಿಕವಾಗಿ ಬರುವುದು ನೂರರಲ್ಲಿ ಐದು ಸಲ ಮಾತ್ರ. ಹಾಗಾಗಿ ಮೀನು ಹೊರಟುಹೋಗಿರಬಹುದು ಎಂದುಕೊಳ್ಳುತ್ತೇನೆ.

ಬಿಟ್ಟುಬಂದ ಜಾಗಕ್ಕೆ ಎರಡು ಗಂಟೆ ಬಿಟ್ಟು ಮತ್ತೊಮ್ಮೆ ಹೋಗಿ ನೋಡಿ. ಗಲಾಟೆ ಅಡಗಿ ಮೀನು ಮರಳಿರಬಹುದು. ಅಷ್ಟರಲ್ಲಿ ಆ ಕಲ್ಲಿನ ಮೇಲೆ ಬೇರೆ ಯಾರೋ ಕೂತಿರುವುದೂ ಉಂಟು.