ಲೆ ಶಾಂಬೋನ್ ಪಾಠವನ್ನು ನಾನು ಎರಡು ಸಲ ಮಾಡಿದ ಬಗೆ

ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧವನ್ನು ಕಲಿಸುವಾಗ ಯಹೂದಿಗಳ ಹತ್ಯೆಯ ವಿಷಯ ನನ್ನ ಬಾಯಲ್ಲಿ ನಾಲ್ಕು ವಾಕ್ಯಗಳಿಗೆ ಮುಗಿದುಹೋಗುತ್ತಿತ್ತು. ಸತ್ತವರ ಸಂಖ್ಯೆಯನ್ನು ಮಕ್ಕಳು ಅಂಕಕ್ಕಾಗಿ ಬರೆದುಕೊಳ್ಳುತ್ತಿದ್ದರು. ಉಳಿದುಕೊಂಡವರು ಹೇಗೆ ಉಳಿದರು ಎಂಬುದನ್ನೂ ಹೇಳಬೇಕೆನ್ನಿಸಿ, ಯಹೂದಿಗಳನ್ನು ಮನೆಗಳಲ್ಲಿ ಬಚ್ಚಿಟ್ಟು ಕಾಪಾಡಿದ, ದಕ್ಷಿಣ ಫ್ರಾನ್ಸಿನ ಬೆಟ್ಟದ ಮೇಲಿರುವ ಲೆ ಶಾಂಬೋನ್ ಎಂಬ ಊರಿನ ಸಂಗತಿಯನ್ನು ಎರಡು ಪೀರಿಯಡ್‌ಗಳ ಪಾಠವಾಗಿ ಹೊಂದಿಸಿಕೊಂಡೆ.

ಮೊದಲ ವರ್ಷ ಅದನ್ನು ಹರಿಕಥೆ ಮಾಡಿ ಕೆಡಿಸಿದೆ. 1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಗೆ ಮಣಿದು ಒಪ್ಪಂದಕ್ಕೆ ಸಹಿ ಹಾಕಿದ ಮರುದಿನವೇ, ಊರಿನ ಪ್ರಾಟೆಸ್ಟೆಂಟ್ ಪಾದ್ರಿಗಳಾದ ಆಂದ್ರೆ ತ್ರೋಕ್ಮೆ ಮತ್ತು ಎಡ್ವಾರ್ ತೇಸ್ ಅನ್ಯಾಯವನ್ನು ಆತ್ಮಬಲದಿಂದ ಎದುರಿಸಬೇಕೆಂದು ಚರ್ಚಿನಲ್ಲಿ ಸಾರಿದ್ದನ್ನೂ, 1942ರ ಆಗಸ್ಟಿನಲ್ಲಿ ಬಚ್ಚಿಟ್ಟ ಯಹೂದಿಗಳ ಪಟ್ಟಿ ಕೊಡಿ ಎಂದು ಪೊಲೀಸರು ಬಂದಾಗ ತ್ರೋಕ್ಮೆ ಒಪ್ಪದಿದ್ದುದನ್ನೂ ಧ್ವನಿ ಏರಿಸಿ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಸಾಲದೆಂಬಂತೆ ಮರುದಿನ ನಾಟಕವಾಡಿಸಿದೆ. ಸೈನಿಕರಾದ ಹುಡುಗರು ಬೆಂಚು ಒದ್ದು ನಕ್ಕರು, ಅಡಗಿದವರೂ ಬೆಂಚಿನ ಕೆಳಗಿನಿಂದ ನಕ್ಕರು. ಹತ್ತು ನಿಮಿಷಕ್ಕೆ ನಿಲ್ಲಿಸಿದೆ. ಜೀವಭಯವನ್ನು ಆಟವಾಗಿಸಿದ ತಪ್ಪು ನನ್ನದೇ ಹೊರತು ಮಕ್ಕಳದಲ್ಲ.

ಎರಡನೆಯ ವರ್ಷ ಪಾದ್ರಿಗಳನ್ನು ಪಕ್ಕಕ್ಕಿಟ್ಟು, ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: ಮನೆಗೆ ಹೊಸದಾಗಿ ಬಂದು ಸೇರಿದವರಿಗೆ ಊಟ ಎಲ್ಲಿಂದ? ಯುದ್ಧಕಾಲದ ಫ್ರಾನ್ಸಿನಲ್ಲಿ ಬ್ರೆಡ್ಡಿಗೂ ಸಕ್ಕರೆಗೂ ಪಡಿತರ ಚೀಟಿ ಬೇಕಿತ್ತು. ಮಗುವಿಗೆ, ದೊಡ್ಡವರಿಗೆ, ಮೈಮುರಿದು ದುಡಿಯುವವರಿಗೆ ಬೇರೆ ಬೇರೆ ದರ್ಜೆಯ ಚೀಟಿಗಳಿದ್ದವು. 1942ರ ಡಿಸೆಂಬರಿನ ಕಾನೂನು ಯಹೂದಿಗಳ ಗುರುತಿನ ಚೀಟಿ, ಪಡಿತರ ಚೀಟಿ ಎರಡರ ಮೇಲೂ ಯಹೂದಿ ಎಂದು ಮುದ್ರೆ ಒತ್ತಿಸಬೇಕೆಂದಿತು. ಆ ಮುದ್ರೆ ಇರುವ ಚೀಟಿಯನ್ನು ತೋರಿಸಿದರೆ ಸಿಕ್ಕಿಬೀಳುವ ಭಯ, ತೋರಿಸದಿದ್ದರೆ ಹಸಿವು. ಇದನ್ನು ನಾನು ವಿವರಿಸಬೇಕಾಗಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ಹೊಂದದೆ ಅಕ್ಕಿ ಸಿಗದೆ ಮರಳಿದ ದಿನಗಳನ್ನು ಮಕ್ಕಳೇ ಹೇಳತೊಡಗಿದರು.

ಅಲ್ಲಿಂದ ಆಸ್ಕರ್ ರೊಸೊವ್‌ಸ್ಕಿಯ ವಿಷಯಕ್ಕೆ ಬಂದೆ. ವೈದ್ಯನಾಗಬೇಕೆಂದಿದ್ದು, ಯಹೂದಿ ಎಂಬ ಕಾರಣಕ್ಕೆ ಆ ದಾರಿ ಮುಚ್ಚಿಹೋಗಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ, ಇಪ್ಪತ್ತರ ಆಸುಪಾಸಿನ ಈ ಯುವಕ ತಾನೂ ಸುಳ್ಳು ಹೆಸರಿನಲ್ಲಿ ಲೆ ಶಾಂಬೋನ್ ಇರುವ ಪ್ರಸ್ಥಭೂಮಿಯಲ್ಲಿ ನೆಲೆಸಿ, ಇತರರಿಗಾಗಿ ನಕಲಿ ಕಾಗದಗಳನ್ನು ತಯಾರಿಸಿದ. ಅವುಗಳನ್ನು ತೋಟದ ಮನೆಯೊಂದರ ಜೇನುಪೆಟ್ಟಿಗೆಗಳಲ್ಲಿ ಬಚ್ಚಿಡುತ್ತಿದ್ದರು. ಜೇನು ಸಾಕುವ ಮನೆಯ ಹುಡುಗನೊಬ್ಬ ಇದಕ್ಕಿಂತ ಒಳ್ಳೆಯ ಬೀಗವಿಲ್ಲ ಎಂದ.

ಊರಿನವರು ಹೀಗೆ ಆಶ್ರಯ ಕೊಟ್ಟ ಕಾರಣಗಳಲ್ಲಿ, 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟೆಂಟ್ ಪಂಥವನ್ನು ನಿಷೇಧಿಸಿದ ನಂತರ ತಮ್ಮ ಪೂರ್ವಿಕರೇ ಧರ್ಮದ ಹೆಸರಿನಲ್ಲಿ ಬೇಟೆಗೊಳಗಾದ ನೆನಪನ್ನು ಎಲ್ಲರೂ ಮೊದಲು ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಬೇಸಿಗೆಯಲ್ಲಿ ತಂಪಿಗೆಂದು ಬರುವವರಿಗಾಗಿ ಕಟ್ಟಿದ ವಸತಿಗೃಹಗಳು ಅಲ್ಲಿ ಮೊದಲೇ ಇದ್ದವು, ಅಪರಿಚಿತ ಮಕ್ಕಳು ಬಂದಿಳಿಯುವುದು ಊರಿಗೆ ಹೊಸತಾಗಿರಲಿಲ್ಲ ಎಂಬ ಸಣ್ಣ ಕಾರಣಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. 5000 ಜನರನ್ನು ಉಳಿಸಿದರು ಎಂಬ ಮಾತು ಎಲ್ಲೆಡೆ ಕಾಣುತ್ತದೆ, ಅದಕ್ಕಿಂತ ಕಡಿಮೆ ಹೇಳುವ ಇತಿಹಾಸಕಾರರೂ ಇದ್ದಾರೆ. ಆದ್ದರಿಂದ ಆ ಅಂಕಿಯನ್ನು ಹಲಗೆಯ ಮೇಲೆ ಬರೆಯುವುದನ್ನು ಬಿಟ್ಟಿದ್ದೇನೆ.

1943ರ ಜೂನ್ 29ನ್ನು ಮಾತ್ರ ಬಿಡುವುದಿಲ್ಲ. ಅಂದು ವಿದ್ಯಾರ್ಥಿನಿಲಯವೊಂದರ ಮೇಲೆ ದಾಳಿಯಾಗಿ 18 ವಿದ್ಯಾರ್ಥಿಗಳೂ, ಅವರನ್ನು ನೋಡಿಕೊಳ್ಳುತ್ತಿದ್ದ, ಪಾದ್ರಿ ಆಂದ್ರೆಯ ಬಂಧು ದಾನಿಯೆಲ್ ತ್ರೋಕ್ಮೆಯೂ ಸೆರೆಯಾದರು. ದಾನಿಯೆಲ್ ಮರುವರ್ಷ ನಾಜಿಗಳ ಮೈದಾನೆಕ್ ಸೆರೆಶಿಬಿರದಲ್ಲಿ ತೀರಿಕೊಂಡ.

ಪೀರಿಯಡ್ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಊರಲ್ಲಿ ಚೀಟಿ ಹಂಚುವವರಿಗೆ ಜನ ಹೆಚ್ಚಾದದ್ದು ಗೊತ್ತಾಗಿರಲೇಬೇಕಲ್ಲವಾ?" ಎಂದಳು. ಗೊತ್ತಿದ್ದೂ ಸುಮ್ಮನಿದ್ದವರ ಬಗ್ಗೆ ನಾನು ಒಂದು ಮಾತನ್ನೂ ಸಿದ್ಧಪಡಿಸಿಕೊಂಡಿರಲಿಲ್ಲ. ಗಂಟೆ ಬಾರಿಸಿತು. ಈ ವರ್ಷದ ಪಾಠವನ್ನು ಅವಳ ಪ್ರಶ್ನೆಯಿಂದಲೇ ಆರಂಭಿಸುವುದೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.