ಕೆಂಪು ವೈನ್ ಕೊಳ್ಳುವ ಮುನ್ನ ದ್ರಾಕ್ಷಿಯ ಹೆಸರು ಓದಿ

ವೈನ್ ಅಂಗಡಿಗೆ ಹೋದವರು ಸಾಮಾನ್ಯವಾಗಿ ಬೆಲೆ ನೋಡಿ ಬಾಟಲಿ ಎತ್ತಿಕೊಳ್ಳುತ್ತಾರೆ, ಇಲ್ಲವೇ ಲೇಬಲ್ ಚೆನ್ನಾಗಿದೆ ಅಂತ. ಇವೆರಡೂ ರುಚಿಯ ಬಗ್ಗೆ ಏನೂ ಹೇಳುವುದಿಲ್ಲ. ಲೇಬಲ್ಲಿನ ಮೇಲೆ ಸಣ್ಣಗೆ ಅಚ್ಚಾಗಿರುವ ದ್ರಾಕ್ಷಿ ತಳಿಯ ಹೆಸರು ಹೇಳುತ್ತದೆ. ಲೋಕದಲ್ಲಿ ವೈನ್ ದ್ರಾಕ್ಷಿಯ ತಳಿಗಳು ನೂರಾರಿವೆ. ಹೆದರಬೇಡಿ. ಐದಾರು ಗೊತ್ತಿದ್ದರೆ ನಮ್ಮೂರಿನ ಅಂಗಡಿಯ ಮಟ್ಟಿಗೆ ಧಾರಾಳವಾಯಿತು.

ಮೊದಲು ಸಿಪ್ಪೆ ಅರ್ಥವಾಗಲಿ

ಒಂದು ಕಪ್ಪು ದ್ರಾಕ್ಷಿ ಹಿಚುಕಿ ನೋಡಿ. ಬರುವ ರಸಕ್ಕೆ ಹೆಚ್ಚುಕಮ್ಮಿ ಬಣ್ಣವೇ ಇರುವುದಿಲ್ಲ. ಕೆಂಪು ವೈನಿನ ಕೆಂಪೆಲ್ಲ ಸಿಪ್ಪೆಯದು. ರಸವನ್ನು ಸಿಪ್ಪೆ, ಬೀಜಗಳ ಸಮೇತ ದಿನಗಟ್ಟಲೆ ಹುದುಗಲು ಬಿಡುತ್ತಾರೆ. ಆಗ ಬಣ್ಣದ ಜೊತೆ ಟ್ಯಾನಿನ್ ಕೂಡ ರಸಕ್ಕೆ ಇಳಿಯುತ್ತದೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಒಗರಾಗಿ ಒಣಗಿದಂತಾಗುತ್ತದಲ್ಲ, ಟ್ಯಾನಿನ್ ಮಾಡುವುದೂ ಅದನ್ನೇ. ಸಿಪ್ಪೆ ದಪ್ಪಗಿದ್ದು ಹಣ್ಣು ಚಿಕ್ಕದಿದ್ದರೆ ಒಗರು ಜಾಸ್ತಿ. ಸಿಪ್ಪೆ ತೆಳುವಾದರೆ ಕಮ್ಮಿ. ಹಾಗಾಗಿ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಒಗರು ನನಗೆ ಇಷ್ಟವೋ, ಇಲ್ಲವೋ?

ಒಗರಿಗೆ ತಕ್ಕ ತಳಿ ಹುಡುಕಿ

ಒಗರು ಇಷ್ಟ ಎನ್ನುವವರಿಗೆ ಕ್ಯಾಬರ್ನೆ ಸೊವಿನ್ಯೋನ್. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ಬಣ್ಣ ಗಾಢ, ಹಿಡಿತ ಬಿಗಿ. ಹಣ್ಣು ಸರಿಯಾಗಿ ಮಾಗದಿದ್ದರೆ ದೊಣ್ಣೆ ಮೆಣಸಿನಕಾಯಿ ಹೆಚ್ಚಿದ ವಾಸನೆ ಬರುತ್ತದೆ. ಮೂಲ ಫ್ರಾನ್ಸಿನ ಬೋರ್ಡೋ. ಕೆಂಪು ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ಸೊವಿನ್ಯೋನ್ ಬ್ಲಾಂಕ್ ತಾವಾಗಿಯೇ ಕೂಡಿ ಹುಟ್ಟಿದ ತಳಿ ಇದು. ಈ ತಂದೆ-ತಾಯಿಯ ಗುಟ್ಟು 1997ರ ಡಿಎನ್ಎ ಪರೀಕ್ಷೆಯಲ್ಲಿ ಬಯಲಾಯಿತು.

ಅಷ್ಟು ಒಗರು ಬೇಡ ಎನ್ನುವವರಿಗೆ ಮರ್ಲೋ. ಇದೂ ಬೋರ್ಡೋದ್ದೇ. ಬೇಗ ಮಾಗುತ್ತದೆ, ಪ್ಲಮ್ ಹಣ್ಣಿನಂಥ ಮೆತ್ತನೆ ರುಚಿ. ಕೆಂಪು ವೈನನ್ನು ಮೊದಲ ಸಲ ಕುಡಿಯುವವರಿಗೆ ನಾನು ಹೇಳುವುದು ಇದನ್ನೇ. ಚಿಲಿ ದೇಶದವರು ಎಷ್ಟೋ ಕಾಲ ಮರ್ಲೋ ಅಂದುಕೊಂಡು ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ಕಾರ್ಮೆನೇರ್ ಅನ್ನುವ ಬೇರೆಯೇ ತಳಿ ಅಂತ 1994ರಲ್ಲಿ ಗೊತ್ತಾಯಿತು. ಬೆಳೆಗಾರರಿಗೇ ಹೀಗಾದರೆ, ಕುಡಿಯುವ ನಾವು ಅದಲು ಬದಲು ಮಾಡಿಕೊಂಡರೆ ನಾಚಿಕೆ ಏಕೆ?

ತೀರಾ ಹಗುರ ಬೇಕೆಂದರೆ ಪಿನೋ ನ್ವಾರ್. ತೆಳು ಸಿಪ್ಪೆ, ತಿಳಿ ಬಣ್ಣ. ಒಂದು ಪರೀಕ್ಷೆ ಮಾಡಿ. ಗ್ಲಾಸಿನಲ್ಲಿ ಸ್ವಲ್ಪವೇ ವೈನ್ ಹಾಕಿ, ಪತ್ರಿಕೆಯ ಮೇಲೆ ಓರೆಯಾಗಿ ಹಿಡಿಯಿರಿ. ಪಿನೋ ನ್ವಾರ್ ಆದರೆ ಕೆಳಗಿನ ಅಕ್ಷರ ಓದಬಹುದು. ಕ್ಯಾಬರ್ನೆ ಆದರೆ ಅಕ್ಷರ ಮುಳುಗಿಹೋಗುತ್ತದೆ. ಈ ತಳಿಗೆ ಚಳಿ ಬೇಕು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಆಮದು ಬಾಟಲಿ, ಸುಂಕ ಸೇರಿ ದುಬಾರಿ. ಕಲಿಯುವ ಹಂತದಲ್ಲಿ ಸುಮ್ನೆ ದುಡ್ಡು ಹಾಕಬೇಡಿ.

ಶಿರಾಜ್‌ಗೆ ಒಂದು ಅವಕಾಶ ಕೊಡಿ

ಕನ್ನಡದ ನಾಲಿಗೆಗೆ ಬೇಗ ಒಗ್ಗುವ ತಳಿ ಇದೇ ಎಂಬುದು ನನ್ನ ಅಭಿಪ್ರಾಯ. ಕಾರಣ ಕಾಳುಮೆಣಸು. ಶಿರಾಜ್ ವೈನಿನಲ್ಲಿ ಮೆಣಸಿನ ಘಮ ಬರುತ್ತದೆ ಅಂತ ಬಲ್ಲವರು ಮೊದಲಿಂದಲೂ ಹೇಳುತ್ತಿದ್ದರು. ಅದು ಬರೀ ಕಲ್ಪನೆಯಲ್ಲ. ರೋಟಂಡೋನ್ ಎಂಬ ವಸ್ತು ಅದಕ್ಕೆ ಕಾರಣ ಎಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನ ಘಮವೂ ಅದೇ ವಸ್ತುವಿನದು. ತಮಾಷೆ ಎಂದರೆ, ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಈ ವಾಸನೆ ಹತ್ತುವುದೇ ಇಲ್ಲ. ಪಕ್ಕದವರು ಮೆಣಸು ಅಂದದ್ದು ನಿಮಗೆ ಗೊತ್ತಾಗದಿದ್ದರೆ ಬೇಜಾರು ಬೇಡ.

ಫ್ರಾನ್ಸಿನ ರೋನ್ ಕಣಿವೆಯಲ್ಲಿ ಇದೇ ತಳಿಗೆ ಸಿರಾ ಎನ್ನುತ್ತಾರೆ. ಶಿರಾಜ್ ಎಂಬ ಹೆಸರು ಆಸ್ಟ್ರೇಲಿಯಾದಿಂದ ಹಬ್ಬಿತು. ಲೇಬಲ್ಲಿನಲ್ಲಿ ಸಿರಾ ಎಂದಿದ್ದರೆ ಸಾಮಾನ್ಯವಾಗಿ ಮೆಣಸು, ಹುಳಿ ಮುಂದು. ಶಿರಾಜ್ ಎಂದಿದ್ದರೆ ಮಾಗಿದ ಹಣ್ಣಿನ ರುಚಿ ಮುಂದು.

ಇದು ನಮ್ಮ ಬಿಸಿಲಿಗೂ ಹೊಂದಿಕೊಂಡಿದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಹೆಸರಾಂತ ಲಾ ರಿಸರ್ವ್ ವೈನ್, ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿ ಮಾಡಿದ್ದು. ನಾಸಿಕ್ ಕಡೆಯಿಂದಲೂ ಶಿರಾಜ್ ಬಾಟಲಿಗಳು ಬರುತ್ತವೆ. ನಮ್ಮಲ್ಲಿ ಕೊಯ್ಲು ಫೆಬ್ರವರಿ, ಮಾರ್ಚ್ ಸುಮಾರಿಗೆ. ಯುರೋಪಿನಲ್ಲಿ ಸೆಪ್ಟೆಂಬರ್ ಆಸುಪಾಸು.

ಇಲ್ಲೇ ಒಂದು ಮಾತು. ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್ ಯಾಕೆ ಬೇರೆ ಥರ ಅಂತ ಕೇಳುವವರಿದ್ದಾರೆ. ಅದು ಕ್ಯಾಬರ್ನೆ, ಶಿರಾಜ್‌ಗಳ ಜಾತಿಯದಲ್ಲ. ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ರಕ್ತ ಬೆರೆತದ್ದು. ಹಾಗಾಗಿ ಅದರಲ್ಲಿ ದ್ರಾಕ್ಷಿ ಜ್ಯೂಸಿನ ಗಮ್ಮೆನ್ನುವ ವಾಸನೆ. ಅಗ್ಗದ ಸಿಹಿ ವೈನುಗಳಿಗೆ ಅದನ್ನು ಬಳಸುತ್ತಾರೆ. ಇಷ್ಟವಿದ್ದರೆ ಕುಡಿಯಿರಿ, ಆದರೆ ಅದನ್ನು ಕುಡಿದು ಕೆಂಪು ವೈನ್ ಎಂದರೆ ಇಷ್ಟೇ ಅಂತ ತೀರ್ಮಾನಿಸಬೇಡಿ.

ದ್ರಾಕ್ಷಿಯ ಹೆಸರೇ ಇಲ್ಲದಿದ್ದರೆ?

ಯುರೋಪಿನ ಹಳೇ ಪದ್ಧತಿಯ ಬಾಟಲಿಗಳಲ್ಲಿ ಊರಿನ ಹೆಸರು ಮಾತ್ರ ಇರುತ್ತದೆ. ಊರು ಗೊತ್ತಾದರೆ ತಳಿ ಗೊತ್ತಾದಂತೆ. ಫ್ರಾನ್ಸಿನ ಕೆಂಪು ಬರ್ಗಂಡಿ ಎಂದರೆ ಪಿನೋ ನ್ವಾರ್. ಇಟಲಿಯ ಕಿಯಾಂಟಿ ಎಂದರೆ ಮುಖ್ಯವಾಗಿ ಸಾಂಜೊವೇಜೆ, ಸ್ಪೇನಿನ ರಿಯೋಹಾ ಎಂದರೆ ಮುಖ್ಯವಾಗಿ ಟೆಂಪ್ರನಿಲ್ಲೊ. ಇಟಲಿಯದೇ ಬರೋಲೊ ಎಂದರೆ ನೆಬ್ಬಿಯೋಲೊ. ಇದು ಮೋಸಗಾರ: ಬಣ್ಣ ತಿಳಿ, ಒಗರು ಮಾತ್ರ ಭಾರೀ. ಬೋರ್ಡೋದಲ್ಲಿ ನದಿಯ ಎಡದಂಡೆ ಮೆಡಾಕ್‌ನಲ್ಲಿ ಕ್ಯಾಬರ್ನೆ ಜಾಸ್ತಿ, ಬಲದಂಡೆ ಪೊಮರೋಲ್‌ನಲ್ಲಿ ಮರ್ಲೋ ಜಾಸ್ತಿ.

ಇನ್ನೊಂದು ಸುಳಿವು ಆಲ್ಕೋಹಾಲ್ ಪ್ರಮಾಣ. ಶೇ 12.5 ಇದ್ದರೆ ಹಗುರ, ಶೇ 14.5 ಇದ್ದರೆ ಬಾಯಿ ತುಂಬುವಷ್ಟು ಗಟ್ಟಿ ಅಂತ ಅಂದಾಜು ಮಾಡಬಹುದು.

ಊಟ ಏನು ಅಂತ ಯೋಚಿಸಿ

ಟ್ಯಾನಿನ್ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಬಾಯಲ್ಲಿ ಒಗರು ತಗ್ಗುತ್ತದೆ. ಆದ್ದರಿಂದ ಖಾರ ಕಮ್ಮಿ ಇರುವ ಮಟನ್ ಚಾಪ್ಸ್ ಜೊತೆ ಕ್ಯಾಬರ್ನೆ ಚೆನ್ನ. ಖಾರ ಜಾಸ್ತಿ ಇದ್ದರೆ ಕಥೆಯೇ ಬೇರೆ. ಒಗರು, ಆಲ್ಕೋಹಾಲ್ ಎರಡೂ ಸೇರಿ ಬಾಯಿ ಇನ್ನೂ ಉರಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕೋಳಿ ಸುಕ್ಕಕ್ಕೆ ಮರ್ಲೋ ಸಾಕು. ಕೊಡವರ ಪಂದಿ ಕರಿಗೆ ಕಾಚಂಪುಳಿಯ ಹುಳಿ ಇರುತ್ತದೆ. ಅದರ ಮುಂದೆ ನಿಲ್ಲಲು ವೈನಿಗೂ ಹುಳಿ ಬೇಕು. ಸಾಂಜೊವೇಜೆ ಹಿಡಿಯಿರಿ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ವೈನ್ ಕಂಪನಿಯವರು ಇದನ್ನು ಬೆಳೆಯುತ್ತಾರೆ. ಸಾರು, ಹುಳಿ ಜೊತೆ ಕೆಂಪು ವೈನ್ ಕೇಳಲೇಬೇಡಿ, ಹೊಂದುವುದಿಲ್ಲ.

ಕೊಂಡ ಮೇಲೆ

ಕಿಟಕಿಯ ಬಿಸಿಲಲ್ಲಿ ನಿಲ್ಲಿಸಿದ ಬಾಟಲಿ ತೆಗೆದುಕೊಳ್ಳಬೇಡಿ. ತಿರುಗಿಸುವ ಮುಚ್ಚಳ ಕಂಡು ಮೂಗು ಮುರಿಯಬೇಡಿ, ಅದರಲ್ಲೂ ಒಳ್ಳೇ ವೈನ್ ಬರುತ್ತದೆ. ದಿನಬಳಕೆಯ ವೈನ್ ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಹಳೆಯದಾದಷ್ಟೂ ರುಚಿ ಎನ್ನುವುದು ಅದಕ್ಕೆ ಅನ್ವಯಿಸುವುದಿಲ್ಲ.

ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕು ಅನ್ನುತ್ತಾರೆ, ಅಲ್ವಾ? ಆ ಮಾತು ಹುಟ್ಟಿದ್ದು ಯುರೋಪಿನ ತಂಪು ಮನೆಗಳಲ್ಲಿ. ಅಂದರೆ 16ರಿಂದ 18 ಡಿಗ್ರಿ. ರಾಯಚೂರಿನ ಏಪ್ರಿಲ್ ಅಲ್ಲ. ಬಿಸಿಯಾದರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಉಳಿದದ್ದನ್ನು ಮುಚ್ಚಳ ಬಿಗಿದು ಅಲ್ಲೇ ಇಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಹುಳಿಯಾಯಿತೆಂದರೆ ಮಟನ್ ನೆನೆಸಿಡಲು ಬಳಸಿ.