ರೋಗ ಬರದ ಗಿಡ ಬೇರೆ, ರೋಗ ತಾಳುವ ಗಿಡ ಬೇರೆ: ತೊಗರಿಯ ಗೊಡ್ಡು ರೋಗದ ಮೇಲೆ ನನ್ನ ಕೆಲಸದ ಕ್ರಮ

ತೊಗರಿಗೆ ನೆಟೆ ರೋಗ ಬಿದ್ದರೆ ಗಿಡ ಒಣಗುತ್ತದೆ, ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಗೊಡ್ಡು ರೋಗ ಹಾಗಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ದೀಪಾವಳಿ ಹೊತ್ತಿಗೆ ತೊಗರಿ ಹೂವಾಗಿ ನಿಂತಾಗ, ಸಾಲಿನ ನಡುವೆ ಕೆಲವು ಗಿಡಗಳು ತಿಳಿಹಸಿರು ಪೊದೆಯಾಗಿ, ಸಣ್ಣ ಎಲೆ ಬಿಟ್ಟುಕೊಂಡು, ಒಂದು ಮೊಗ್ಗೂ ಇಲ್ಲದೆ ನಿಂತಿರುತ್ತವೆ. ಅದಕ್ಕೆ ಎರಡು ತಿಂಗಳು ಮೊದಲೇ ಎಲೆಯ ಮೇಲೆ ತಿಳಿ-ಕಡುಹಸಿರಿನ ಚಕ್ಕೆಗಳು ಮೂಡಿರುತ್ತವೆ, ಆದರೆ ಗಿಡ ಹಸಿರಾಗಿದೆಯೆಂದು ಯಾರೂ ಬಗ್ಗಿ ನೋಡಿರುವುದಿಲ್ಲ. ಬಿತ್ತಿದ 45 ದಿನದೊಳಗೆ ಸೋಂಕು ತಗಲಿದ ಗಿಡದಿಂದ ಕಾಳು ಬಹುತೇಕ ಸಿಗುವುದೇ ಇಲ್ಲ. ಆಮೇಲೆ ತಗಲಿದರೆ ಕೆಲವು ಕವಲುಗಳಷ್ಟೇ ಗೊಡ್ಡಾಗಿ, ಉಳಿದವು ಕಾಯಿ ಕಟ್ಟುತ್ತವೆ. ಗಿಡಕ್ಕೆ ವೈರಸ್ ಹೊಕ್ಕ ಮೇಲೆ ಅದನ್ನು ತೆಗೆಯುವ ಔಷಧಿ ಇಲ್ಲ. ಅದಕ್ಕೇ ತಾಳುವ ತಳಿ ಹುಡುಕುವುದು ಈ ಕೆಲಸದ ಮುಖ್ಯ ಭಾಗ. ನಾನು ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಶತ್ರುವಿನ ಗುರುತು ಮೊದಲು. ರೋಗ ವರದಿಯಾದದ್ದು 1931ರಲ್ಲಿ, ಬಿಹಾರದ ಪೂಸಾದಿಂದ. ಅದನ್ನು ನುಸಿ ಹರಡುತ್ತದೆ ಎಂಬುದು 1960ರ ದಶಕದಲ್ಲಿ ತಿಳಿಯಿತು. ವೈರಸ್ಸನ್ನು ಬೇರ್ಪಡಿಸಿ ಗುರುತಿಸಲು ಮಾತ್ರ 2000ದ ಆಸುಪಾಸಿನವರೆಗೆ ಕಾಯಬೇಕಾಯಿತು. ಈಗ ಎಮಾರಾವೈರಸ್ ಗುಂಪಿನ ಎರಡು ವೈರಸ್‌ಗಳು ಇದರಲ್ಲಿ ಸಿಗುತ್ತವೆ ಎಂದು ಗೊತ್ತಿದೆ. ಒಂದರ ಆರ್‌ಎನ್‌ಎ (ವೈರಸ್ಸಿನ ವಂಶದ್ರವ್ಯ) ಐದು ತುಂಡು, ಇನ್ನೊಂದರದು ಆರು. ಹೊತ್ತೊಯ್ಯುವ ನುಸಿಯ ಹೆಸರು ಅಸೇರಿಯಾ ಕಜಾನಿ. ಉದ್ದ ಮಿಲಿಮೀಟರಿನ ಕಾಲು ಭಾಗಕ್ಕಿಂತ ಹೆಚ್ಚಿಲ್ಲ, ಆಕಾರ ಕದಿರಿನಂತೆ, ಕಾಲು ಎರಡೇ ಜೊತೆ. ತೊಗರಿ ಮತ್ತು ಅದರ ಕೆಲವು ಕಾಡು ಸಂಬಂಧಿಗಳನ್ನು ಬಿಟ್ಟರೆ ಬೇರೆಲ್ಲೂ ಬಾಳುವುದಿಲ್ಲ. ರೋಗಿ ಎಲೆಯ ಮೇಲೆ 15 ನಿಮಿಷ ಮೇದರೆ ವೈರಸ್ ಹತ್ತುತ್ತದೆ, ಆರೋಗ್ಯದ ಎಲೆಯ ಮೇಲೆ 90 ನಿಮಿಷ ಮೇದರೆ ಇಳಿಯುತ್ತದೆ. ತಾಯಿಯಿಂದ ಮೊಟ್ಟೆಗೆ ವೈರಸ್ ದಾಟುವುದಿಲ್ಲ. ನಮ್ಮ ಕೆಲಸಕ್ಕೆ ಬಹಳ ಬೇಕಾದ ಲೆಕ್ಕ ಇದು: ಒಂದೇ ನುಸಿ ಬಿಟ್ಟರೆ ಹೆಚ್ಚೆಂದರೆ ಅರ್ಧದಷ್ಟು ಗಿಡಗಳಿಗೆ ರೋಗ ಬರುತ್ತದೆ, ಗಿಡಕ್ಕೆ ಹತ್ತಕ್ಕಿಂತ ಹೆಚ್ಚು ಬಿಟ್ಟರೆ ಎಲ್ಲಕ್ಕೂ ಬರುತ್ತದೆ.

ಈ ಲೆಕ್ಕವನ್ನು ಕಡೆಗಣಿಸಿದ್ದರಿಂದಲೇ ಎಷ್ಟೋ ‘ನಿರೋಧಕ’ ಸಾಲುಗಳು (ಸಾಲಿಗೊಂದು ತಳಿ) ಮುಂದಿನ ವರ್ಷ ಬಿದ್ದುಹೋಗುತ್ತವೆ. ಹೊಲದಲ್ಲಿ ನುಸಿ ಅರ್ಧ ಗಿಡಗಳಿಗಷ್ಟೇ ಮುಟ್ಟಿದೆ ಎಂದುಕೊಳ್ಳಿ. ಸಾಲಿಗೆ ಐದು ಗಿಡವಿದ್ದರೆ, ರೋಗಕ್ಕೆ ಪೂರ್ತಿ ತುತ್ತಾಗುವ ಸಾಲೂ ಮೂವತ್ತೆರಡರಲ್ಲಿ ಒಂದು ಸಲ ಶುದ್ಧವಾಗಿ ಕಾಣುತ್ತದೆ. ಅಂಥ ನೂರು ಸಾಲು ಹಾಕಿದರೆ ಮೂರು ಸಾಲು ಬರೀ ಅದೃಷ್ಟದಿಂದ ‘ನಿರೋಧಕ’ ಪಟ್ಟಿಗೆ ಸೇರುತ್ತವೆ. ನುಸಿ ಹತ್ತರಲ್ಲಿ ಒಂಬತ್ತು ಗಿಡಗಳಿಗೆ ಮುಟ್ಟುವಂತೆ ಮಾಡಿದರೆ ಅದೇ ಐದು ಗಿಡದ ಸಾಲು ತಪ್ಪಿಸಿಕೊಳ್ಳುವುದು ಲಕ್ಷಕ್ಕೆ ಒಮ್ಮೆ. ಹಾಗಾಗಿ ನನ್ನ ಶ್ರಮದ ಮುಕ್ಕಾಲು ಪಾಲು ಹೋಗುವುದು ರೋಗವನ್ನು ಸಮವಾಗಿ ಹಚ್ಚುವುದಕ್ಕೆ. ಗಿಡ ಆರಿಸುವುದು ಆಮೇಲಿನ ಸಣ್ಣ ಕೆಲಸ.

ನುಸಿ ಸಾಕಲು ನಾನು ಐಸಿಪಿ 8863 ಬಳಸುತ್ತೇನೆ. 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಎಂಬ ಹೆಸರಿನಿಂದ ಬಿಡುಗಡೆಯಾದ ತಳಿ ಇದೇ. ನೆಟೆ ರೋಗವನ್ನು ಚೆನ್ನಾಗಿ ತಾಳುತ್ತದೆ, ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ಬಲಿಯಾಗುತ್ತದೆ. ಈ ಎರಡೂ ಗುಣ ನಮಗೆ ಬೇಕು, ಏಕೆಂದರೆ ನೆಟೆಯಿಂದ ಗಿಡ ಸತ್ತು ಲೆಕ್ಕ ಕೆಡುವುದಿಲ್ಲ. ಎರಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿದ ಕುಂಡಗಳಲ್ಲಿ ಮೂರು ವಾರಕ್ಕೊಮ್ಮೆ ಹೊಸ ಬೀಜ ಹಾಕಿ, ಹಳೆ ಗಿಡದ ಎಲೆಗಳಿಂದ ಹೊಸ ಗಿಡಕ್ಕೆ ನುಸಿ ದಾಟಿಸುತ್ತ ಹೋಗಬೇಕು. ವಿಜಯಪುರದ ಬೇಸಿಗೆಯೇ ಇಲ್ಲಿ ದೊಡ್ಡ ಪರೀಕ್ಷೆ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ನುಸಿ ಇಳಿದುಹೋಗುತ್ತದೆ. ಜೂನ್‌ನಲ್ಲಿ ಬೇಕಾದಾಗ ಎಲೆಯ ಅಡಿ ಖಾಲಿ. ನೆರಳು ಪರದೆಯ ಕೆಳಗೆ, ಪಡುವಣ ಬದಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಕುಂಡಗಳನ್ನು ಇಡುತ್ತೇನೆ. ನೀರನ್ನು ಬುಡಕ್ಕೇ ಹಾಕಬೇಕು. ತಂಪಾಗಲಿ ಎಂದು ಎಲೆಯ ಮೇಲೆ ಚಿಮುಕಿಸಿದರೆ ನುಸಿ ತೊಳೆದುಹೋಗುತ್ತದೆ. ಕುಂಡಗಳನ್ನು ಎರಡು ಬೇರೆ ಜಾಗಗಳಲ್ಲಿ ಇಟ್ಟರೆ, ಒಂದು ಕಡೆ ಕೆಟ್ಟರೂ ಇನ್ನೊಂದು ಉಳಿದಿರುತ್ತದೆ.

ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು ಬೂದಿ ರೋಗ: ಎಲೆಯ ಅಡಿಯಲ್ಲಿ ಬಿಳಿ ಪುಡಿ ಹರಡಿದರೆ ನಮ್ಮ ನುಸಿಗೆ ಜಾಗವೇ ಉಳಿಯುವುದಿಲ್ಲ. ಗಂಧಕ ಹೊಡೆಯುವ ಹಾಗಿಲ್ಲ, ಅದು ನುಸಿಯನ್ನೂ ಕೊಲ್ಲುತ್ತದೆ. ಆ ಕುಂಡವನ್ನೇ ಹೊರಗೆ ಹಾಕಬೇಕು. ಇನ್ನೊಂದು ಕೆಂಪು ಜೇಡನುಸಿ. ಬಲೆ ಕಟ್ಟುತ್ತದೆ, ಎಂಟು ಕಾಲು, ಬರಿಗಣ್ಣಿಗೂ ಚುಕ್ಕೆಯಾಗಿ ಕಾಣುತ್ತದೆ. ಹೊಸಬರು ಇದನ್ನೇ ಗೊಡ್ಡು ರೋಗದ ನುಸಿ ಎಂದು ಎಣಿಸಿ ಬರೆಯುವುದುಂಟು. ಗೊಡ್ಡು ರೋಗದ ನುಸಿ ಬಲೆ ಕಟ್ಟುವುದಿಲ್ಲ, ಸೂಕ್ಷ್ಮದರ್ಶಕವಿಲ್ಲದೆ ಕಾಣುವುದೂ ಇಲ್ಲ. ಬರಿಗಣ್ಣಿಗೆ ಕಂಡಿತೆಂದರೆ ಅದು ಬೇರೆಯದು.

ರೋಗ ಹಚ್ಚುವ ವಿಧಾನ ಸರಳ: ರೋಗಿ ಎಲೆಯನ್ನು ಸಸಿಯ ಎಲೆಗೆ ಸ್ಟೇಪ್ಲರ್ ಪಿನ್ನಿನಿಂದ ಹೊಲಿಯುವುದು. 1970ರ ದಶಕದಿಂದ ಬಳಕೆಯಲ್ಲಿರುವ ಈ ಉಪಾಯವನ್ನು ಮೀರಿಸುವಂಥದ್ದು ಇಂದಿಗೂ ಸಿಕ್ಕಿಲ್ಲ. ಸಸಿಗೆ 10-12 ದಿನವಾಗಿ, ಮೊದಲ ಜೋಡಿ ಒಂಟಿ ಎಲೆಗಳು ಪೂರ್ತಿ ಬಿಚ್ಚಿ, ಮೂರೆಲೆಯ ಗೊಂಚಲು ಇನ್ನೂ ಮಡಚಿಕೊಂಡಿರುವಾಗ ಹಚ್ಚಬೇಕು. ಬೆಳಗ್ಗೆ ಬಿಸಿಲೇರುವ ಮುಂಚೆ ಸಾಕಿದ ಗಿಡಗಳಿಂದ ಎಲೆ ಕೀಳುತ್ತೇನೆ. ತೀರಾ ಎಳೆಯದೂ ಬೇಡ, ಹಳದಿಗಟ್ಟಿದ್ದೂ ಬೇಡ, ಚಕ್ಕೆ ಸ್ಪಷ್ಟವಿರುವ ನಡುಪ್ರಾಯದ ಎಲೆ ಬೇಕು. ಕಿತ್ತ ರಾಶಿಯಿಂದ ಹತ್ತು ದಳಗಳನ್ನು (ಮೂರೆಲೆಯ ಗೊಂಚಲಿನ ಬಿಡಿ ಎಲೆಗಳನ್ನು) ಕಣ್ಣುಮುಚ್ಚಿ ತೆಗೆದು, ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ದೊಡ್ಡದು ಮಾಡಿ, ಅಡಿಬದಿಯ ನುಸಿ ಎಣಿಸುತ್ತೇನೆ. ದಳಕ್ಕೆ ಹತ್ತಕ್ಕಿಂತ ಕಡಿಮೆ ಬಂದರೆ ಆ ದಿನ ಹಚ್ಚುವ ಕೆಲಸ ನಿಲ್ಲಿಸುತ್ತೇನೆ. ಎಣಿಕೆಗೆ ಹಿಡಿಯುವುದು ಅರ್ಧ ಗಂಟೆ, ಅದನ್ನು ಬಿಟ್ಟರೆ ಹಾಳಾಗುವುದು ಒಂದು ಹಂಗಾಮು.

ದಳದ ಅಡಿಬದಿ ಒಳಗೆ ಬರುವಂತೆ ಮಡಚಿ, ಸಸಿಯ ಎಲೆ ಅದರ ನಡುವೆ ಸಿಗುವಂತೆ ಇಡಬೇಕು. ಆಗ ಎಲೆಯ ಎರಡೂ ಮೈಗೆ ನುಸಿ ತಾಕುತ್ತದೆ. ಹತ್ತು ನಂಬರಿನ ಸಣ್ಣ ಪಿನ್ ಸಾಕು. ನಡುನರಕ್ಕೆ ಪಿನ್ ಹೊಡೆದರೆ ಎಲೆ ಮುರುಟಿ, ನುಸಿ ನೆಲೆಯೂರುವ ಮುನ್ನವೇ ಒಣಗುತ್ತದೆ, ಆದ್ದರಿಂದ ಪಕ್ಕಕ್ಕೆ ಹೊಡೆಯಿರಿ. ಎರಡೂ ಎಲೆಗಳಿಗೆ ಒಂದೊಂದು ದಳ. ಕಿತ್ತ ದಳ ಬಾಡುತ್ತ ಬಂದಂತೆ ನುಸಿಗಳು ಹಸಿ ಎಲೆಗೆ ತಾವಾಗಿ ದಾಟುತ್ತವೆ. ಅದೇ ಕಾರಣಕ್ಕೆ ಕಿತ್ತ ಎಲೆಯನ್ನು ಮಧ್ಯಾಹ್ನದವರೆಗೆ ಚೀಲದಲ್ಲಿ ಇಡಬಾರದು. ಬಾಡಿದರೆ ನುಸಿ ಚೀಲದ ಗೋಡೆಗೆ ಹತ್ತಿ ಅಲ್ಲೇ ಉಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ಗಂಟೆಯೊಳಗೆ ಮುಗಿಸಬೇಕು. ಹಚ್ಚಿದ ದಿನ ಜೋರು ಮಳೆ ಬಿದ್ದರೆ ಮರುದಿನ ಮತ್ತೆ ಹಚ್ಚುತ್ತೇನೆ. ಹದಿನೈದು ದಿನದ ಹೊತ್ತಿಗೆ ಮಾರುತಿಯ ಹೊಸ ಚಿಗುರಿನಲ್ಲಿ ಚಕ್ಕೆ ಕಾಣತೊಡಗಬೇಕು.

ಸಾವಿರಾರು ಸಸಿಗಳಿಗೆ ಪಿನ್ ಹೊಡೆಯಲು ಕೈ ಸಾಲದಿದ್ದಾಗ ಗಾಳಿಯನ್ನು ಬಳಸಿಕೊಳ್ಳಬಹುದು. ನುಸಿಗೆ ರೆಕ್ಕೆಯಿಲ್ಲ, ಗಾಳಿಯೇ ಅದರ ಬಂಡಿ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣ, ನೈಋತ್ಯದಿಂದ ಬೀಸುತ್ತದೆ. ಹೊಲದ ಪಡುವಣ ಅಂಚಿಗೆ, ಪರೀಕ್ಷೆಯ ಸಾಲು ಬಿತ್ತುವ ಎರಡು ತಿಂಗಳು ಮೊದಲೇ, ನೀರು ಕೊಟ್ಟು ಮಾರುತಿ ಬೆಳೆಸಿ, ಪಿನ್ ಹೊಡೆದು ರೋಗ ಹಚ್ಚಿ ಬೇಲಿಯಂತೆ ನಿಲ್ಲಿಸುತ್ತೇನೆ. ಜುಲೈನಲ್ಲಿ ಪರೀಕ್ಷೆಯ ಸಾಲುಗಳು ಮೊಳೆತಾಗ ನುಸಿ ಗಾಳಿಯಲ್ಲಿ ತೇಲಿ ಬರುತ್ತದೆ. ಆದರೂ ಬೇಲಿಯ ಹತ್ತಿರದ ಸಾಲಿಗೆ ಬಂದಷ್ಟು ದೂರದ ಸಾಲಿಗೆ ಬರುವುದಿಲ್ಲ. ಅದಕ್ಕಾಗಿ ಪ್ರತಿ ಹತ್ತು ಸಾಲಿಗೊಂದು ಮಾರುತಿ ಸಾಲು ಹಾಕುವುದು ಕಡ್ಡಾಯ. ಅದು ಅಳತೆಗೋಲು. ಒಂದು ಮಾರುತಿ ಸಾಲಿನಲ್ಲಿ ಶೇ. 90ಕ್ಕಿಂತ ಕಡಿಮೆ ಗಿಡಗಳು ರೋಗಕ್ಕೆ ಬಿದ್ದಿದ್ದರೆ, ಅದರ ಎಡಬಲದ ಸಾಲುಗಳ ಫಲಿತಾಂಶವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಡೀ ಹೊಲದ ಸರಾಸರಿ ತೆಗೆದು ‘ಒಟ್ಟಾರೆ ಚೆನ್ನಾಗಿ ಬಂದಿದೆ’ ಎಂದು ಬರೆಯುವ ರೂಢಿ ತಪ್ಪು. ಸರಾಸರಿಯ ಹಿಂದೆ ರೋಗವೇ ಮುಟ್ಟದ ಮೂಲೆಗಳು ಅಡಗಿರುತ್ತವೆ.

ಎಣಿಕೆ 30, 45, 60, 75ನೇ ದಿನಕ್ಕೆ. ಪ್ರತಿ ಸಲ ಹೊಸದಾಗಿ ರೋಗ ಕಂಡ ಗಿಡಕ್ಕೆ ಬೇರೆ ಬಣ್ಣದ ದಾರ ಕಟ್ಟುತ್ತೇನೆ. ಶೇ. 10ರವರೆಗೆ ನಿರೋಧಕ, 30ರವರೆಗೆ ಸಾಧಾರಣ ನಿರೋಧಕ, ಅದರ ಮೇಲೆ ತುತ್ತಾಗುವ ಸಾಲು. ಶೇಕಡಾವಾರು ಮಾತ್ರ ಬರೆದರೆ ಸಾಲದು, ಲಕ್ಷಣದ ಬಗೆಯನ್ನೂ ಬರೆಯಬೇಕು. ತೀವ್ರ ಚಕ್ಕೆ ಬಂದ ಗಿಡ ಗೊಡ್ಡಾಗುತ್ತದೆ. ಎಲೆಯ ಮೇಲೆ ಹಸಿರು ನಡುವಿನ ಹಳದಿ ಉಂಗುರಗಳಷ್ಟೇ ಬಂದು, ಗಿಡ ಬಲಿತಂತೆ ಮಾಯವಾಗಿ, ಹೂ-ಕಾಯಿ ಎಂದಿನಂತೆ ಬಿಡುವ ತಳಿಗಳೂ ಇವೆ. ಎರಡನ್ನೂ ಒಂದೇ ಖಾನೆಗೆ ತುಂಬಿದರೆ ರೈತನಿಗೆ ಉಪಯೋಗವಾಗುವ ಒಂದು ಗುಂಪನ್ನೇ ಎಸೆದಂತೆ. ನಡುವೆ ಒಣಗಿದ ಗಿಡವಿದ್ದರೆ ಕಾಂಡ ಸೀಳಿ ನೋಡಿ: ಒಳಗೆ ಕಪ್ಪು ಗೆರೆಗಳಿದ್ದರೆ ನೆಟೆ ರೋಗ. ಆ ಗಿಡವನ್ನು ಸಾಲಿನ ಒಟ್ಟು ಗಿಡಗಳ ಲೆಕ್ಕದಿಂದಲೂ ಕಳೆಯಬೇಕು.

ಶುದ್ಧವಾಗಿ ಉಳಿದ ಗಿಡಗಳಿಗೆ ಮೂರು ಪರೀಕ್ಷೆ ಇವೆ. ಮೊದಲನೆಯದಕ್ಕೆ ಖರ್ಚಿಲ್ಲ: ಬೀಜ ತೆಗೆದ ಮೇಲೆ ಗಿಡವನ್ನು ಮೊಣಕಾಲೆತ್ತರಕ್ಕೆ ಕೊಯ್ದು, ಒಂದು ನೀರು ಕೊಟ್ಟು, ಕೂಳೆ ಚಿಗುರು ನೋಡುವುದು. ಬಲಿತ ಎಲೆಯಲ್ಲಿ ಮರೆಯಾಗಿದ್ದ ಚಕ್ಕೆ ಎಳೆ ಚಿಗುರಿನಲ್ಲಿ ಎದ್ದು ಕಾಣುತ್ತದೆ. ಎರಡನೆಯದು ಕಸಿ. ಕೆಲವು ತಳಿಗಳು ನುಸಿಯನ್ನೇ ನಿಲ್ಲಗೊಡುವುದಿಲ್ಲ, ವೈರಸ್ ಹೇಗೋ ಒಳಹೊಕ್ಕರೆ ಸೋಲುತ್ತವೆ. ಕೆಲವು ನುಸಿಗೆ ಜಾಗ ಕೊಟ್ಟರೂ ವೈರಸ್ಸನ್ನು ಬೆಳೆಯಗೊಡುವುದಿಲ್ಲ. ರೋಗಿ ಕುಡಿಯಿಂದ ನುಸಿ ತೆಗೆದು, ಪರೀಕ್ಷೆಯ ಗಿಡಕ್ಕೆ ಸೀಳು ಕಸಿ ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ತೇವ ಹಿಡಿದಿಟ್ಟರೆ ಯಾವುದು ಎಂಬುದು ಕಸಿಯ ಕೆಳಗಿನ ಹೊಸ ಚಿಗುರಿನಲ್ಲಿ ತಿಳಿಯುತ್ತದೆ. ಎರಡೂ ಬಗೆಯ ಶಕ್ತಿಯನ್ನು ಒಂದೇ ತಳಿಗೆ ತರುವುದು ನನ್ನ ಗುರಿ.

ಮೂರನೆಯದು ಎಲೈಸಾ, ಅಂದರೆ ಎಲೆಯ ರಸದಲ್ಲಿ ವೈರಸ್ ಇದ್ದರೆ ಹಳದಿ ಬಣ್ಣ ಬರುವ ಪರೀಕ್ಷೆ. 100 ಮಿಲಿಗ್ರಾಂ ಎಲೆಗೆ 1 ಮಿಲಿಲೀಟರ್ ದ್ರಾವಣ ಹಾಕಿ ಅರೆಯಬೇಕು. ತೊಗರಿ ಎಲೆಯಲ್ಲಿ ಒಗರು ಪದಾರ್ಥ ಹೆಚ್ಚು, ಬಲಿತ ಎಲೆ ಅರೆದರೆ ರಸ ಕಂದಾಗಿ, ರೋಗವಿಲ್ಲದ ಗಿಡವೂ ಹಳದಿ ತೋರಿಸುತ್ತದೆ. ಎಳೆ ಎಲೆಯನ್ನೇ ತೆಗೆದು, ದ್ರಾವಣಕ್ಕೆ ಶೇ. 2ರಷ್ಟು ಪಿವಿಪಿ (ಒಗರು ಹಿಡಿದುಕೊಳ್ಳುವ ಪುಡಿ) ಸೇರಿಸಿದರೆ ಇದು ತಗ್ಗುತ್ತದೆ. ತಟ್ಟೆಯ ಪ್ರತಿ ತೊಳೆತಕ್ಕೂ ಮೂರು ನಿಮಿಷದಂತೆ ಮೂರು ಸಲ ತೊಳೆಯಬೇಕು. 405 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣದ ಗಾಢತೆ ಓದಿದಾಗ ಆರೋಗ್ಯದ ಗಿಡಗಳ ಸರಾಸರಿಯ ಎರಡು ಪಟ್ಟು ದಾಟಿದರೆ ಮಾತ್ರ ರೋಗ ಎಂದು ಬರೆಯುತ್ತೇನೆ. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಇನ್ನೂ ಸೂಕ್ಷ್ಮ, ಆದರೆ ಆರ್‌ಎನ್‌ಎ ಬಿಸಿಲಿಗೆ ಬೇಗ ಮುರಿಯುತ್ತದೆ. ಹೊಲದಲ್ಲೇ ಐಸ್ ಪೆಟ್ಟಿಗೆಗೆ ಹಾಕದ ಎಲೆಯಿಂದ ಬಂದ ‘ಇಲ್ಲ’ ಎಂಬ ಉತ್ತರಕ್ಕೆ ಅರ್ಥವಿಲ್ಲ.

ಸಂಕರದ ವಿಷಯ. ಅನೇಕ ಸಂಕರಗಳಲ್ಲಿ ತುತ್ತಾಗುವ ಗುಣವೇ ಪ್ರಬಲ, ಮೊದಲ ಪೀಳಿಗೆಯ ಗಿಡಗಳೆಲ್ಲ ರೋಗಕ್ಕೆ ಬೀಳುತ್ತವೆ. ಅದನ್ನು ಕಂಡು ಸಂಕರವನ್ನೇ ಕೈಬಿಡಬಾರದು. ಎರಡನೇ ಪೀಳಿಗೆಯಲ್ಲಿ, ಒಂದೇ ಅಪ್ರಬಲ ವಂಶವಾಹಿಯಾದರೆ ನಾಲ್ಕರಲ್ಲಿ ಒಂದು, ಎರಡಾದರೆ ಹದಿನಾರರಲ್ಲಿ ಒಂದು ಗಿಡ ತಾಳುತ್ತದೆ. ಹದಿನಾರರ ಲೆಕ್ಕದಲ್ಲಿ ಒಂದಾದರೂ ಸಿಗುವ ಭರವಸೆ ಶೇ. 95 ಇರಬೇಕೆಂದರೆ 47 ಗಿಡ ಬೇಕು. ಆ ಒಂದರಲ್ಲಿ ಕಾಳಿನ ಗಾತ್ರ, ಇಳುವರಿ, ನೆಟೆ ತಾಳಿಕೆ ಎಲ್ಲ ಇರಬೇಕಲ್ಲ, ಹಾಗಾಗಿ ನಾನು 300ಕ್ಕೆ ಇಳಿಸುವುದಿಲ್ಲ. ಹೂವಿನಲ್ಲಿ ಹತ್ತು ಕೇಸರ, ಒಂಬತ್ತು ಕೂಡಿಕೊಂಡು ಒಂದು ಬಿಡಿ. ಹೂದಳ ಹಳದಿಯಾಗಿ ಇನ್ನೂ ಬಿಚ್ಚದ ಮೊಗ್ಗಿನಲ್ಲೇ ಅವನ್ನು ಚಿಮಟದಿಂದ ತೆಗೆಯಬೇಕು, ಬಿಚ್ಚಿದ ಹೂ ಅಷ್ಟರಲ್ಲಿ ತನ್ನ ಪರಾಗ ತಾನೇ ಪಡೆದಿರುತ್ತದೆ. ಆರಿಸಿದ ಗಿಡಕ್ಕೆ ತೆಳು ಬಟ್ಟೆಯ ಚೀಲ ಕಟ್ಟದಿದ್ದರೆ ಜೇನು ಪಕ್ಕದ ಮಾರುತಿಯ ಪರಾಗ ತಂದು ಹಾಕುತ್ತದೆ. ನಿರೋಧಕ ಸಾಲಿನಲ್ಲಿ ಎರಡು ವರ್ಷ ಬಿಟ್ಟು ಏಕಾಏಕಿ ರೋಗಿ ಗಿಡಗಳು ಕಂಡರೆ, ವೈರಸ್ ಬದಲಾಯಿತು ಎನ್ನುವ ಮುನ್ನ ಚೀಲ ಕಟ್ಟಿದ್ದೆವೆಯೇ ಎಂದು ದಾಖಲೆ ನೋಡಬೇಕು. ನಮ್ಮ ಕಡೆ ವರ್ಷಕ್ಕೆ ಒಂದೇ ತೊಗರಿ, ಆದ್ದರಿಂದ ಒಂದು ತಪ್ಪಿಗೆ ಒಂದು ವರ್ಷ ತೆರಬೇಕಾಗುತ್ತದೆ.

ವೈರಸ್ಸಿನಲ್ಲೂ ಊರಿಂದೂರಿಗೆ ಭೇದವಿದೆ. ಬೆಂಗಳೂರಿನದು ತೀವ್ರ, ಹೈದರಾಬಾದ್ ಬಳಿಯ ಪಟಾನ್‌ಚೆರುವಿನದು ಸೌಮ್ಯ. ಅಲ್ಲಿ ಗೆದ್ದ ತಳಿ ಇಲ್ಲಿ ಸೋಲಬಹುದು. 1993ರಲ್ಲಿ ಬಿಡುಗಡೆಯಾದ ಆಶಾ, ಅಂದರೆ ಐಸಿಪಿಎಲ್ 87119, ನೆಟೆ ಮತ್ತು ಗೊಡ್ಡು ಎರಡನ್ನೂ ತಾಳುವ ತಳಿಯೆಂದು ಹೆಸರಾದದ್ದು. ಅದನ್ನೂ ನಾನು ಪ್ರತಿ ವರ್ಷ ಪರೀಕ್ಷೆಗೆ ಹಾಕುತ್ತೇನೆ, ಏಕೆಂದರೆ ಅದರಲ್ಲಿ ರೋಗ ಏರತೊಡಗಿದರೆ ಮೊದಲ ಎಚ್ಚರಿಕೆ ಅಲ್ಲಿಂದಲೇ ಸಿಗುತ್ತದೆ. ಪೈರು ಇಲ್ಲದ ತಿಂಗಳುಗಳಲ್ಲಿ ವೈರಸ್ಸೂ ನುಸಿಯೂ ಉಳಿಯುವುದು ಒಡ್ಡಿನ ಮೇಲಿನ ಒಂಟಿ ತೊಗರಿ, ಹಿತ್ತಲ ಗಿಡ, ಕಾಲುವೆ ಬದಿಯ ಕೂಳೆಯ ಮೇಲೆ. ಬಿತ್ತನೆಗೆ ಮುನ್ನ ಅವನ್ನು ಕೀಳುವುದು, ಆಮೇಲೆ 45 ದಿನದೊಳಗೆ ಕಂಡ ರೋಗಿ ಗಿಡ ಕಿತ್ತು ಹೂಳುವುದು ರೈತರಿಗೆ ನಾನು ಹೇಳುವ ಮೊದಲ ಮಾತು.

ಕೊನೆಯ ಹಂತದಲ್ಲಿ ಹೊಸ ಸಾಲುಗಳು ರೈತರ ಹೊಲಕ್ಕೆ ಹೋಗುತ್ತವೆ. ಪ್ರತಿ ಹೊಲಕ್ಕೂ ಬೀಜದ ಚೀಲದ ಜೊತೆ ಒಂದು ಹಿಡಿ ಮಾರುತಿ ಕೊಟ್ಟು, ನಡುವೆ ಒಂದು ಸಾಲು ಹಾಕಿ ಎಂದು ಹೇಳಿ ಕಳಿಸುತ್ತೇನೆ. ಆ ಸಾಲಿನಲ್ಲಿ ಗೊಡ್ಡು ಕಾಣದ ಹೊಲದ ಅಂಕಿಗಳು ಇಳುವರಿಯ ಪುಟಕ್ಕೆ ಹೋಗುತ್ತವೆ, ರೋಗದ ಪುಟದಲ್ಲಿ ಆ ಹೊಲದ ಹೆಸರೇ ಇರುವುದಿಲ್ಲ.